ತಂಪಿದೆ, ಗಾಳಿಯಿಲ್ಲ

ಕಚೇರಿಯಲ್ಲಿ ಯಾರಿಗೋ ಟಿಬಿ ಎಂಬ ಸುದ್ದಿ ಹಬ್ಬಿದ ಮರುದಿನ ಗಮನಿಸಿ ನೋಡಿ. ಅವರ ಕಾಫಿ ಲೋಟ ಬೇರೆಯಾಗುತ್ತದೆ. ಅವರ ಡಬ್ಬಿಯ ಪಲ್ಯಕ್ಕೆ ಯಾರೂ ಕೈ ಹಾಕುವುದಿಲ್ಲ. ಮೇಜಿನ ಮೇಲೆ ಸ್ಯಾನಿಟೈಸರ್ ಬಾಟಲಿ ಪ್ರತ್ಯಕ್ಷವಾಗುತ್ತದೆ. ಕಿಟಕಿಯನ್ನು ಮಾತ್ರ ಯಾರೂ ತೆರೆಯುವುದಿಲ್ಲ, ಎಸಿ ಓಡುತ್ತಿದೆಯಲ್ಲ! ಟಿಬಿ ಲೋಟದಿಂದ ಹರಡುವುದಿಲ್ಲ, ತಟ್ಟೆಯಿಂದಲೂ ಇಲ್ಲ, ಕೈಕುಲುಕಿದರೂ ಅಂಟುವುದಿಲ್ಲ. ಅದು ಒಬ್ಬರಿಂದ ಒಬ್ಬರಿಗೆ ದಾಟುವುದು ಎಲ್ಲರೂ ಸೇರಿ ಉಸಿರಾಡುವ ಗಾಳಿಯಲ್ಲಿ. ಆ ಒಂದು ದಾರಿ ಬಿಟ್ಟು ಉಳಿದೆಲ್ಲ ದಾರಿಗಳಿಗೂ ನಾವು ಕಾವಲು ಹಾಕಿರುತ್ತೇವೆ.

ಕಿಟಕಿ ಇಲ್ಲದ, ಇದ್ದರೂ ತೆರೆಯದ ಜಾಗದಲ್ಲಿ ದಿನಕ್ಕೆ ಎಂಟು-ಹತ್ತು ಗಂಟೆ ದುಡಿಯುವವರಿಗೆ ಈ ಬರಹ. ಕಾಲ್ ಸೆಂಟರ್, ಬ್ಯಾಂಕಿನ ಕ್ಯಾಶ್ ಕೌಂಟರ್, ಟ್ಯೂಷನ್ ಕೋಣೆ, ಡಬ್ಬಿಂಗ್ ಸ್ಟುಡಿಯೊ, ಅಕ್ಕಸಾಲಿಗರ ಸಣ್ಣ ಕೋಣೆ, ನೆಲಮಾಳಿಗೆಯ ಜೆರಾಕ್ಸ್ ಅಂಗಡಿ, ರಾತ್ರಿ ಪಾಳಿಯ ಕ್ಯಾಬ್, ಎಲ್ಲ ಕಡೆಯೂ ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿಯ ಗಾಳಿ ಎಷ್ಟು ಹೊತ್ತಿಗೊಮ್ಮೆ ಬದಲಾಗುತ್ತದೆ?

ಮಾತಾಡುವಾಗ, ಕೆಮ್ಮುವಾಗ, ಸುಮ್ಮನೆ ಉಸಿರು ಬಿಡುವಾಗಲೂ ನಮ್ಮ ಬಾಯಿ-ಮೂಗಿನಿಂದ ದ್ರವದ ಕಣಗಳು ಹೊರಬರುತ್ತಿರುತ್ತವೆ. ದೊಡ್ಡ ಹನಿಗಳು ಒಂದೆರಡು ಮೀಟರ್ ದೂರದೊಳಗೆ ನೆಲ ಸೇರುತ್ತವೆ. ಕಣ್ಣಿಗೆ ಕಾಣದ ಸಣ್ಣವು ಕೆಳಗೆ ಬೀಳದೆ ಗಂಟೆಗಟ್ಟಲೆ ತೇಲುತ್ತವೆ. ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಸೀದರೆ ಹಜಾರದಲ್ಲಿ ಕೂತವರೂ ಕೆಮ್ಮುತ್ತಾರಲ್ಲ, ಅದೇ ಲೆಕ್ಕ. ಘಾಟಾದರೆ ಮೂಗಿಗೆ ಗೊತ್ತಾಗುತ್ತದೆ, ರೋಗಾಣು ಗೊತ್ತಾಗುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ದಡಾರ, ಚಿಕನ್‌ಪಾಕ್ಸ್, ಟಿಬಿ, ಫ್ಲೂ, ಕೋವಿಡ್ ಎಲ್ಲವೂ ಹೀಗೆ ದಾಟಬಲ್ಲವು. ದಡಾರದ ವೈರಸ್ಸಂತೂ ರೋಗಿ ಕೋಣೆ ಬಿಟ್ಟು ಹೋದ ಮೇಲೂ ಎರಡು ಗಂಟೆಯವರೆಗೆ ಗಾಳಿಯಲ್ಲಿ ಉಳಿಯಬಲ್ಲದು.

ಇದು ಹೊಸ ಜ್ಞಾನವಲ್ಲ. 1950ರ ದಶಕದ ಕೊನೆಗೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ವಿಲಿಯಂ ವೆಲ್ಸ್ ಮತ್ತು ರಿಚರ್ಡ್ ರೈಲಿ ಒಂದು ಪ್ರಯೋಗ ಮಾಡಿದ್ದರು. ಆರು ಹಾಸಿಗೆಯ ಟಿಬಿ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಎಳೆದು ಮೇಲ್ಮಹಡಿಯ ಗಿನಿಪಿಗ್ ಗೂಡುಗಳಿಗೆ ಬಿಟ್ಟರು. ಆ ಪ್ರಾಣಿಗಳು ರೋಗಿಗಳ ಹತ್ತಿರ ಸುಳಿದಿರಲಿಲ್ಲ. ಆದರೂ ಒಂದರ ಹಿಂದೆ ಒಂದಕ್ಕೆ ಟಿಬಿ ತಗುಲಿತು. ಅದೇ ಗಾಳಿಯನ್ನು ಅತಿನೇರಳೆ ಬೆಳಕಿನಲ್ಲಿ ಹಾಯಿಸಿ ಇನ್ನೊಂದು ಗುಂಪಿಗೆ ಕೊಟ್ಟರೆ ಅವು ಚೆನ್ನಾಗಿಯೇ ಇದ್ದವು. ಇಷ್ಟೆಲ್ಲ ತಿಳಿದಿದ್ದೂ 2020ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಗಾಳಿಯಿಂದ ಹರಡುವುದಿಲ್ಲ ಎಂದು ಸಾರಿತು. ಅದು ತಿದ್ದಿಕೊಳ್ಳುವ ಹೊತ್ತಿಗೆ ನಮ್ಮ ಕೌಂಟರುಗಳಿಗೆಲ್ಲ ಅಕ್ರಿಲಿಕ್ ಪರದೆ ಬಂದಾಗಿತ್ತು, ಹಾಲಿನ ಪ್ಯಾಕೆಟ್ ತೊಳೆಯುವುದು ರೂಢಿಯಾಗಿತ್ತು.

ಸಿಯೋಲ್‌ನ ಹನ್ನೊಂದನೇ ಮಹಡಿ

ಕೋವಿಡ್ ಕಾಲದ ನೂರಾರು ವರದಿಗಳಲ್ಲಿ ಕಚೇರಿಯವರು ಓದಲೇಬೇಕಾದದ್ದು ದಕ್ಷಿಣ ಕೊರಿಯಾದ ಒಂದು ಕಾಲ್ ಸೆಂಟರಿನ ಕತೆ. ಸಿಯೋಲ್‌ನ 19 ಮಹಡಿಯ ಕಟ್ಟಡ, ಕೆಳಗೆ ಕಚೇರಿಗಳು, ಮೇಲೆ ವಾಸದ ಮನೆಗಳು. 2020ರ ಮಾರ್ಚ್ 9ರಂದು ಕಟ್ಟಡ ಮುಚ್ಚಿ 1,143 ಜನರನ್ನು ಪರೀಕ್ಷೆ ಮಾಡಿದರು. 97 ಮಂದಿಗೆ ಸೋಂಕು ಇತ್ತು. ಅವರಲ್ಲಿ 94 ಮಂದಿ ಹನ್ನೊಂದನೇ ಮಹಡಿಯಲ್ಲೇ ಕೆಲಸ ಮಾಡುತ್ತಿದ್ದವರು. ಆ ಮಹಡಿಯಲ್ಲಿದ್ದದ್ದು 216 ಜನ, ಅಂದರೆ ನೂರಕ್ಕೆ 43ಕ್ಕೂ ಹೆಚ್ಚು ಮಂದಿಗೆ ತಗುಲಿತ್ತು. ಅವರಲ್ಲೂ ಬಹುಪಾಲು ಜನರ ಕುರ್ಚಿ ಮಹಡಿಯ ಒಂದೇ ಪಾರ್ಶ್ವದಲ್ಲಿತ್ತು.

ಇಡೀ ಕಟ್ಟಡದವರು ಅದೇ ಲಿಫ್ಟ್ ಹತ್ತುತ್ತಿದ್ದರು, ಅದೇ ಲಾಬಿ ದಾಟುತ್ತಿದ್ದರು. ಲಿಫ್ಟಿನ ಗುಂಡಿ ಒತ್ತಿದ್ದರಿಂದಲೇ ಹರಡುವುದಾಗಿದ್ದರೆ ಸೋಂಕು ಎಲ್ಲ ಮಹಡಿಗೂ ಹಂಚಿಹೋಗಬೇಕಿತ್ತು. ಲಿಫ್ಟಿನಲ್ಲಿ ನಾವಿರುವುದು ಅರೆ ನಿಮಿಷ, ಕುರ್ಚಿಯಲ್ಲಿ ಪಾಳಿ ಮುಗಿಯುವವರೆಗೆ. ಹಾಗಾಗಿ ಜಾಗ ಎಷ್ಟು ಇಕ್ಕಟ್ಟು ಎಂದು ಕೇಳಿದರೆ ಸಾಲದು. ಎಷ್ಟು ಹೊತ್ತು, ಎಷ್ಟು ಜನ, ಎಷ್ಟು ಜೋರು ದನಿ ಎಂಬುದೂ ಲೆಕ್ಕಕ್ಕೆ ಬರಬೇಕು. ಕಾಲ್ ಸೆಂಟರಿನವರು ಈ ಮೂರರಲ್ಲೂ ಸಿಕ್ಕಿಬೀಳುತ್ತಾರೆ.

ಅದೇ ವರ್ಷ ಜನವರಿ 24ರಂದು ಚೀನಾದ ಗುವಾಂಗ್‌ಜೌ ನಗರದ ಹೋಟೆಲೊಂದರಲ್ಲಿ ಊಟಕ್ಕೆ ಕೂತ ಮೂರು ಕುಟುಂಬಗಳ ಹತ್ತು ಮಂದಿಗೆ ಕೋವಿಡ್ ಬಂತು. ಮೂರೂ ಮೇಜುಗಳು ಒಂದೇ ಎಸಿಯ ಗಾಳಿ ಸುತ್ತುವ ಮೂಲೆಯಲ್ಲಿದ್ದವು. ಎಕ್ಸಾಸ್ಟ್ ಫ್ಯಾನುಗಳನ್ನು ಮುಚ್ಚಿಬಿಟ್ಟಿದ್ದರು. ಆಮೇಲೆ ಅಳೆದು ನೋಡಿದಾಗ ತಲೆಗೆ ಸೆಕೆಂಡಿಗೆ ಸುಮಾರು ಒಂದು ಲೀಟರ್ ಹೊರಗಾಳಿಯಷ್ಟೇ ಬರುತ್ತಿದ್ದದ್ದು ಗೊತ್ತಾಯಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಂಥ ಜಾಗಗಳಿಗೆ ಹೇಳಿದ ಕನಿಷ್ಠ ಅಳತೆ ಹತ್ತು ಲೀಟರ್.

ನಮ್ಮಲ್ಲಿ ಬೇರೂರಿದ ತಪ್ಪು ತಿಳಿವಳಿಕೆ ಇಲ್ಲಿಯೇ ಇದೆ. ಗೋಡೆಯ ಮೇಲಿನ ಸ್ಪ್ಲಿಟ್ ಎಸಿ ಹೊರಗಿನಿಂದ ಗಾಳಿ ತರುತ್ತದೆ ಎಂದೇ ಬಹಳ ಜನ ನಂಬಿದ್ದಾರೆ. ಹೊರಗೆ ಇನ್ನೊಂದು ಪೆಟ್ಟಿಗೆ ಇದೆಯಲ್ಲ ಎನ್ನುತ್ತಾರೆ. ಆ ಪೆಟ್ಟಿಗೆ ಬಿಸಿಯನ್ನು ಆಚೆ ಹಾಕುತ್ತದೆ ಅಷ್ಟೆ. ಎರಡರ ನಡುವೆ ಓಡುವುದು ತಂಪುಕಾರಕ ಅನಿಲ ತುಂಬಿದ ತಾಮ್ರದ ಕೊಳವೆ, ಅದರಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಕೋಣೆಯಲ್ಲಿದ್ದ ಗಾಳಿಯನ್ನೇ ಸ್ಪ್ಲಿಟ್ ಎಸಿ ಎಳೆದು, ತಂಪು ಮಾಡಿ, ಮತ್ತೆ ನಮ್ಮ ಮುಖಕ್ಕೆ ಬಿಡುತ್ತದೆ. ಅದರ ಜಾಲರಿ ಹಿಡಿಯುವುದು ಧೂಳು ಮತ್ತು ಕೂದಲು. ಹಳೆಯ ವಿಂಡೋ ಎಸಿಗಳಲ್ಲಿ ವೆಂಟ್ ಎಂಬ ಸಣ್ಣ ಹಿಡಿ ಇರುವುದುಂಟು, ತೆರೆದಿಟ್ಟರೆ ಒಂದಿಷ್ಟು ಗಾಳಿ ವಿನಿಮಯವಾಗುತ್ತದೆ. ಹೆಚ್ಚಿನ ಕಡೆ ಅದು ವರ್ಷಗಟ್ಟಲೆ ಮುಚ್ಚಿಯೇ ಇರುತ್ತದೆ.

ಅಳೆಯುವುದು ಹೇಗೆ

ಮೊದಲು ಟೇಪು ಹಿಡಿಯಿರಿ. 1948ರ ಕಾರ್ಖಾನೆ ಕಾಯ್ದೆ ಒಬ್ಬ ಕಾರ್ಮಿಕನಿಗೆ ಕನಿಷ್ಠ 14.2 ಘನ ಮೀಟರ್ ಜಾಗ ಇರಬೇಕು ಎಂದಿತ್ತು. ನೆಲದಿಂದ 4.2 ಮೀಟರಿಗಿಂತ ಮೇಲಿನ ಎತ್ತರವನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆ ಎಂದರೆ 34 ಘನ ಮೀಟರ್. ಆ ಅಳತೆಯಲ್ಲಿ ಅಲ್ಲಿ ಇಬ್ಬರು ಕೂರಬಹುದು. ನಿಮ್ಮ ಬ್ಯಾಕ್ ಆಫೀಸಿನಲ್ಲಿ ಅಷ್ಟೇ ಜಾಗಕ್ಕೆ ಎಷ್ಟು ಕುರ್ಚಿ ಇವೆ ಎಣಿಸಿ. ಈ ನಿಯಮ ಬರೆದದ್ದು ಕಾರ್ಖಾನೆಗಳಿಗೆ. ಆದರೆ ಉಸಿರಾಟದ ವಿಷಯದಲ್ಲಿ ಗುಮಾಸ್ತರ ಶ್ವಾಸಕೋಶವೇನೂ ಬೇರೆಯಲ್ಲ.

ಎರಡನೆಯದು ಕಾರ್ಬನ್ ಡೈಆಕ್ಸೈಡ್ ಮೀಟರ್. ಹೊರಗಿನ ಗಾಳಿಯಲ್ಲಿ ಈ ಅನಿಲ ಸುಮಾರು 420 ಪಿಪಿಎಂ ಇರುತ್ತದೆ, ಅಂದರೆ ಹತ್ತು ಲಕ್ಷ ಭಾಗದಲ್ಲಿ 420. ನಾವು ಬಿಡುವ ಉಸಿರಿನಲ್ಲಿ ಅದು 38,000ದ ಆಸುಪಾಸು. ಕೋಣೆಯೊಳಗೆ ಏರಿದ್ದೆಲ್ಲ ಯಾರದೋ ಶ್ವಾಸಕೋಶದಿಂದ ಬಂದದ್ದು, ಗ್ಯಾಸ್ ಒಲೆ ಉರಿಯುತ್ತಿಲ್ಲವಾದರೆ. ಮೀಟರ್ 1,200 ತೋರಿಸಿದರೆ ನೀವು ಎಳೆಯುವ ಐವತ್ತು ಉಸಿರಿನಲ್ಲಿ ಒಂದು, ಇನ್ನೊಬ್ಬರು ಬಿಟ್ಟದ್ದು ಎಂದಾಯಿತು. ಮೇಲೆ ಹೇಳಿದ 34 ಘನ ಮೀಟರ್ ಕೋಣೆಯಲ್ಲಿ ನಾಲ್ವರು ಬಾಗಿಲು ಹಾಕಿಕೊಂಡು ಕೂತರೆ? ಕೂತು ಕೆಲಸ ಮಾಡುವ ಒಬ್ಬರು ಗಂಟೆಗೆ ಸುಮಾರು 18 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ನಾಲ್ವರದು 72 ಲೀಟರ್. ಬಾಗಿಲ ಸಂದಿಯಲ್ಲಿ ಏನೂ ಸೋರದಿದ್ದರೆ ಒಂದೇ ಗಂಟೆಯಲ್ಲಿ 2,500 ಪಿಪಿಎಂ. ಹದಿನೆಂಟು ಉಸಿರಿಗೆ ಒಂದು ಎಂಜಲು ಉಸಿರು. ಮಧ್ಯಾಹ್ನದ ಮೀಟಿಂಗಿನಲ್ಲಿ ತೂಕಡಿಕೆ ಬಂದರೆ ಊಟದ ಅನ್ನವನ್ನೇ ದೂರಬೇಡಿ.

800ರ ಒಳಗಿದ್ದರೆ ಒಳ್ಳೆಯದು. 1,500 ದಾಟಿದ ಕೋಣೆಯಲ್ಲಿ ಕೂಡಲೇ ಏನಾದರೂ ಮಾಡಬೇಕು. ಕೊಳ್ಳುವಾಗ ಎನ್‌ಡಿಐಆರ್ ಸೆನ್ಸರ್ ಇರುವ ಮೀಟರನ್ನೇ ಕೇಳಿ. ಕಡಿಮೆ ಬೆಲೆಗೆ ಸಿಗುವ ಹಲವು ಮೀಟರುಗಳು ಬೇರೆ ಆವಿಗಳನ್ನು ಅಳೆದು ಅಂದಾಜಿನ ಅಂಕಿ ತೋರಿಸುತ್ತವೆ. ಪತ್ತೆ ಸುಲಭ: ಪಕ್ಕದಲ್ಲಿ ಕೈಗೆ ಸ್ಯಾನಿಟೈಸರ್ ಉಜ್ಜಿಕೊಳ್ಳಿ. ಅಂಕಿ ಜಿಗಿದರೆ ಅದು ನಕಲಿ. ಕಚೇರಿಗೆ ಒಂದೇ ಮೀಟರ್ ಸಾಕು, ಒಂದೊಂದು ದಿನ ಒಂದೊಂದು ಕೋಣೆಯಲ್ಲಿಟ್ಟು ನೋಡಿದರೆ ಯಾವುದು ಕೆಟ್ಟದ್ದು ಎಂದು ತಿಳಿಯುತ್ತದೆ.

ಮೀಟರಿಗೆ ದುಡ್ಡಿಲ್ಲವೇ? ಒಂದು ಊದುಬತ್ತಿ ತನ್ನಿ. ಎಕ್ಸಾಸ್ಟ್ ಫ್ಯಾನ್ ಹಾಕಿ, ಎಸಿ ಮತ್ತು ಸೀಲಿಂಗ್ ಫ್ಯಾನ್ ನಿಲ್ಲಿಸಿ, ಮುಚ್ಚಿದ ಬಾಗಿಲ ಕೆಳಗಿನ ಸಂದಿಯ ಹತ್ತಿರ ಬತ್ತಿ ಹಿಡಿಯಿರಿ. ಹೊಗೆ ಒಳಮುಖವಾಗಿ ಬಾಗಿ ಕೋಣೆಯೊಳಕ್ಕೆ ಓಡಿಬಂದರೆ ಗಾಳಿ ಅಲ್ಲಿಂದ ಒಳಬರುತ್ತಿದೆ. ನೆಟ್ಟಗೆ ಮೇಲೇರಿ ಸುರುಳಿ ಸುತ್ತಿದರೆ ಫ್ಯಾನು ಬರೀ ಸದ್ದು ಮಾಡುತ್ತಿದೆ. ಆಮೇಲೆ ನೀವು ಕೂರುವ ಜಾಗದಲ್ಲೇ, ಮೂಗಿನ ಎತ್ತರಕ್ಕೆ ಹಿಡಿದು ನೋಡಿ. ಹೊಗೆ ಯಾರ ಕುರ್ಚಿಯ ಕಡೆ ಹೋಗುತ್ತದೆ? ನಿಮ್ಮ ಉಸಿರು ಹೋಗುವುದೂ ಆ ಕಡೆಗೇ. ಹೊಗೆಯೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಪರೀಕ್ಷೆ ಮುಗಿದ ಕೂಡಲೇ ಬತ್ತಿ ಆರಿಸಿ. ಗಾಳಿ ಶುದ್ಧವಾಗಲೆಂದು ಮುಚ್ಚಿದ ಅಂಗಡಿಯಲ್ಲಿ ದಿನವಿಡೀ ಧೂಪ ಹಾಕುವವರಿಗೂ ಇದೇ ಮಾತು.

ದುಡ್ಡು ಎಲ್ಲಿ ಹಾಕಬೇಕು

ಮೊದಲ ದುಡ್ಡು ಕಿಟಕಿಗೆ. ಬೆಂಗಳೂರು, ಮೈಸೂರು, ಹಾಸನದಂಥ ಊರುಗಳಲ್ಲಿ ವರ್ಷದ ಬಹುಪಾಲು ದಿನ ಕಿಟಕಿ ತೆರೆದೇ ಕೆಲಸ ಮಾಡಬಹುದಾದ ಹವೆ ಇದೆ. ಇಂಥ ಊರಿನಲ್ಲಿ ತೆರೆಯಲಾಗದ ಗಾಜಿನ ಗೋಡೆಗಳನ್ನು ಎಬ್ಬಿಸಿರುವುದನ್ನು ನಾನು ಬುದ್ಧಿವಂತಿಕೆ ಎನ್ನಲಾರೆ. ಒಂದೇ ಕಿಟಕಿ ಪೂರ್ತಿ ತೆರೆಯುವುದಕ್ಕಿಂತ ಎದುರು-ಬದುರಿನ ಎರಡನ್ನು ಅರ್ಧರ್ಧ ತೆರೆದರೆ ಗಾಳಿ ಹಾಯುತ್ತದೆ. ಸೊಳ್ಳೆ ಪರದೆಗೆ ಧೂಳು ಕಟ್ಟಿದ್ದರೆ ಕಿಟಕಿ ತೆರೆದೂ ಪ್ರಯೋಜನವಿಲ್ಲ, ತಿಂಗಳಿಗೊಮ್ಮೆ ತೊಳೆಯಿರಿ. ಎಸಿ ಬೇಕೇ ಬೇಕು ಎಂಬ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಎಸಿ ಓಡುತ್ತಿರುವಾಗಲೇ ಕಿಟಕಿಯನ್ನು ನಾಲ್ಕು ಬೆರಳು ತೆರೆದಿಡಿ, ಗಂಟೆಗೊಮ್ಮೆ ಐದು ನಿಮಿಷ ಪೂರ್ತಿ ತೆರೆಯಿರಿ. ಕರೆಂಟ್ ಬಿಲ್ ಏರುತ್ತದೆ, ನಿಜ. ಕೋವಿಡ್ ಸಮಯದಲ್ಲಿ ಭಾರತದ ಹವಾನಿಯಂತ್ರಣ ಎಂಜಿನಿಯರುಗಳ ಸಂಘ ಇಷ್ರೇ ಹೇಳಿದಂತೆ 24ರಿಂದ 30 ಡಿಗ್ರಿಯೊಳಗೆ ಎಸಿ ಇಟ್ಟರೆ ಆ ಏರಿಕೆಯಲ್ಲಿ ಒಂದಿಷ್ಟು ಅಲ್ಲೇ ಉಳಿಯುತ್ತದೆ. 18ಕ್ಕೆ ಇಟ್ಟು ಸ್ವೆಟರ್ ಹಾಕಿಕೊಂಡು ಕೂರುವ ಕಚೇರಿಗಳಿಗೆ ಏನು ಹೇಳುವುದು?

ಕಿಟಕಿಯೇ ಇಲ್ಲದಿದ್ದರೆ ಎಕ್ಸಾಸ್ಟ್ ಫ್ಯಾನ್. ಅದು ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಎಳೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಅದನ್ನು ಕೋಣೆಯ ಘನ ಅಳತೆಯಿಂದ ಭಾಗಿಸಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ ಹೇಳಿದ ಗುರಿ ಗಂಟೆಗೆ ಐದು ಬಾರಿ. ಅಂದರೆ ನಮ್ಮ ಮಾದರಿ ಕೋಣೆಗೆ 170 ಘನ ಮೀಟರ್. ಡಬ್ಬಿಯ ಅಂಕಿ ತೆರೆದ ಜಾಗದಲ್ಲಿ ಅಳೆದದ್ದಾದ್ದರಿಂದ ಇಮ್ಮಡಿ ಸಾಮರ್ಥ್ಯದ್ದನ್ನೇ ಕೊಳ್ಳಿ. ಗಾಳಿ ಹೊರಹೋಗಬೇಕಾದರೆ ಒಳಬರಲೂ ದಾರಿ ಬೇಕು, ಬಾಗಿಲ ಕೆಳಗೆ ಜಾಲಿ ಕೊರೆಸಿ. ಬಡಗಿಗೆ ಅರ್ಧ ದಿನದ ಕೆಲಸ. ಫ್ಯಾನು ಬಾಗಿಲ ನೆತ್ತಿಯ ಮೇಲೆಯೇ ಇದ್ದರೆ ಬಂದ ಗಾಳಿ ಹಾಗೇ ಆಚೆ ಹೋಗುತ್ತದೆ, ಕೋಣೆಯ ಆ ತುದಿಯಲ್ಲಿ ಕೂತವರಿಗೆ ದಕ್ಕುವುದಿಲ್ಲ. ಎದುರು ಗೋಡೆಗೆ ಹಾಕಿಸಿ. ಸೀಲಿಂಗ್ ಫ್ಯಾನು ಗಾಳಿಯನ್ನು ಕಲಕುತ್ತದೆ, ಬದಲಾಯಿಸುವುದಿಲ್ಲ.

ಇವೆರಡೂ ಆಗದ ಕಡೆ ಹೆಪಾ ಫಿಲ್ಟರಿನ ಏರ್ ಪ್ಯೂರಿಫೈಯರ್. ಅದರ ಮೇಲೆ ಸಿಎಡಿಆರ್ ಎಂಬ ಅಂಕಿ ಇರುತ್ತದೆ, ಅದಕ್ಕೂ ಇದೇ ಲೆಕ್ಕ. ಮಾರುವವರು ಹೇಳುವುದು ಅತಿ ವೇಗದ ಅಂಕಿ. ಆ ಸದ್ದಿನಲ್ಲಿ ಫೋನಿನಲ್ಲಿ ಮಾತಾಡಲಾಗದೆ ನೀವು ಓಡಿಸುವುದು ಕಡಿಮೆ ವೇಗದಲ್ಲಿ. ಆದ್ದರಿಂದ ದೊಡ್ಡದನ್ನು ತಂದು ನಿಧಾನಕ್ಕೆ ಓಡಿಸುವುದು ಜಾಣತನ. ಪ್ಯೂರಿಫೈಯರ್ ಕಾರ್ಬನ್ ಡೈಆಕ್ಸೈಡನ್ನು ಇಳಿಸುವುದಿಲ್ಲ. ಮೀಟರಿನ ಅಂಕಿ ಹಾಗೇ ಉಳಿದರೂ ರೋಗಾಣು ಹೊತ್ತ ಕಣಗಳು ಕಡಿಮೆಯಾಗಿರುತ್ತವೆ. ಅಯಾನು, ಓಜೋನ್, ಪ್ಲಾಸ್ಮಾ ಎಂಬ ಹೆಸರಿನ ಯಂತ್ರಗಳಿಂದ ದೂರವಿರಿ. ಓಜೋನ್ ತಾನೇ ಶ್ವಾಸಕೋಶಕ್ಕೆ ಹಾನಿ. ಅತಿನೇರಳೆ ದೀಪ ಒಳ್ಳೆಯ ಸಾಧನ, ಆದರೆ ತಲೆಯ ಮಟ್ಟಕ್ಕಿಂತ ಮೇಲೆ, ತಿಳಿದವರೇ ಕೂರಿಸಬೇಕಾದದ್ದು. ಮನೆಯಲ್ಲಿ ಟ್ಯೂಬ್‌ಲೈಟ್ ಸಿಕ್ಕಿಸುವಂತೆ ಸಿಕ್ಕಿಸಿದರೆ ಕಣ್ಣು, ಚರ್ಮ ಸುಡುತ್ತವೆ.

ದೊಡ್ಡ ಕಟ್ಟಡದ ಸೆಂಟ್ರಲ್ ಎಸಿಯಲ್ಲಿ ಕೆಲಸ ಮಾಡುವವರು ಫೆಸಿಲಿಟಿ ಮ್ಯಾನೇಜರನ್ನು ಹುಡುಕಿ ಹಿಡಿಯಬೇಕು. ಹೊರಗಾಳಿ ಬರುವ ಡ್ಯಾಂಪರ್ ತೆರೆದಿದೆಯೇ, ಫಿಲ್ಟರ್ ಮರ್ವ್ 13 ದರ್ಜೆಯದೇ, ಕೊನೆಗೆ ಬದಲಿಸಿದ್ದು ಯಾವಾಗ, ಪಾಳಿ ಶುರುವಾಗುವ ಮುಂಚೆಯೇ ಗಾಳಿಯಂತ್ರ ಓಡುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಬಿಲ್ ಉಳಿಸಲು ಡ್ಯಾಂಪರ್ ಮುಚ್ಚಿಡುವುದು ಈ ಕಸುಬಿನಲ್ಲಿ ಗುಟ್ಟೇನಲ್ಲ.

ಕೆಲವು ಜಾಗಗಳ ಕಷ್ಟ ಬೇರೆ. ಡಬ್ಬಿಂಗ್ ಸ್ಟುಡಿಯೊದಲ್ಲಿ ಸದ್ದು ಒಳಬರಬಾರದು ಎಂದು ಸಂದುಗೊಂದನ್ನೆಲ್ಲ ಮುಚ್ಚಿರುತ್ತಾರೆ, ಸದ್ದು ಬಾರದ ಕಡೆ ಗಾಳಿಯೂ ಬಾರದು. ಟೇಕ್ ನಡೆಯುವಾಗ ಫ್ಯಾನಿನ ಗುಂಯ್ ಕೂಡ ಸಲ್ಲ. ಒಳಗಿರುವವರು ಕಿರುಚುತ್ತಾರೆ, ಅಳುತ್ತಾರೆ, ಹಾಡುತ್ತಾರೆ. ಅಮೆರಿಕದ ಸ್ಕ್ಯಾಜಿಟ್ ಕಣಿವೆಯಲ್ಲಿ 2020ರ ಮಾರ್ಚ್ 10ರಂದು 61 ಗಾಯಕರು ಎರಡೂವರೆ ಗಂಟೆ ಸೇರಿ ಅಭ್ಯಾಸ ಮಾಡಿದ್ದರು. 53 ಮಂದಿ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ದನಿ ಏರಿದಷ್ಟೂ ಕಣಗಳು ಹೆಚ್ಚು. ಸ್ಟುಡಿಯೊದವರು ಮಾಡಬಹುದಾದದ್ದು ಒಬ್ಬರು ಹೊರಬಂದು ಇನ್ನೊಬ್ಬರು ಒಳಹೋಗುವ ನಡುವೆ ಬಾಗಿಲು ತೆರೆದು ಎಕ್ಸಾಸ್ಟ್, ಪ್ಯೂರಿಫೈಯರ್ ಎರಡನ್ನೂ ಜೋರಾಗಿ ಓಡಿಸುವುದು. ಎಷ್ಟು ಹೊತ್ತು? ಗಂಟೆಗೆ ಹನ್ನೆರಡು ಬಾರಿ ಗಾಳಿ ಬದಲಾದರೆ ನೂರಕ್ಕೆ 99 ಪಾಲು ಕಣಗಳು ಹೋಗಲು 23 ನಿಮಿಷ, ಆರು ಬಾರಿಯಾದರೆ 46 ನಿಮಿಷ. ಎರಡೇ ಬಾರಿಯಾದರೆ 138 ನಿಮಿಷ, ಅಷ್ಟರಲ್ಲಿ ಒಂದು ರೀಲೇ ಮುಗಿದಿರುತ್ತದೆ.

ಅಕ್ಕಸಾಲಿಗರು ಫ್ಯಾನು ಹಾಕದಿರುವುದಕ್ಕೂ ಕಾರಣವಿದೆ. ಊದುವ ಜ್ವಾಲೆ ಅಲುಗುತ್ತದೆ, ಚಿನ್ನದ ಪುಡಿ ಹಾರುತ್ತದೆ. ಅವರಿಗೆ ಗಾಳಿ ಬೀಸುವ ಫ್ಯಾನಿಗಿಂತ ಮೇಲ್ಮಟ್ಟದಲ್ಲಿ ನಿಧಾನವಾಗಿ ಗಾಳಿ ಎಳೆಯುವ ಎಕ್ಸಾಸ್ಟ್ ಹೊಂದುತ್ತದೆ, ಉರಿಯ ಹೊಗೆಯೂ ಆಚೆ ಹೋಗುತ್ತದೆ. ಕಲ್ಲು ಕೊರೆಯುವವರ, ಪಾಲಿಶ್ ಹಿಡಿಯುವವರ ಪಾಡು ಇನ್ನೂ ಕಠಿಣ. ಸಿಲಿಕಾ ಧೂಳು ಶ್ವಾಸಕೋಶದ ರಕ್ಷಣೆಯನ್ನೇ ಕೆಡಿಸಿ ಟಿಬಿಗೆ ಬಾಗಿಲು ತೆರೆಯುತ್ತದೆ. ಅವರು ನೀರು ಹಾಯಿಸಿಯೇ ಕಲ್ಲು ಕೊರೆಯಬೇಕು, ಮಾಸ್ಕ್ ಅದರ ಮೇಲಿನ ರಕ್ಷಣೆ. ಮ್ಯಾನ್‌ಹೋಲಿನದು ಬೇರೆಯೇ ಮಾತು. ಅಲ್ಲಿ ಕೊಲ್ಲುವುದು ವಿಷಾನಿಲ, ಮನುಷ್ಯರನ್ನು ರಕ್ಷಣೆಯಿಲ್ಲದೆ ಇಳಿಸುವುದು 2013ರ ಕಾಯ್ದೆಯಡಿ ಅಪರಾಧ.

ರಾತ್ರಿ ಪಾಳಿಯ ಕ್ಯಾಬ್ ಹತ್ತಿದ ಕೂಡಲೇ ಡ್ಯಾಶ್‌ಬೋರ್ಡಿನ ರೀಸರ್ಕ್ಯುಲೇಶನ್ ಗುಂಡಿ ಆರಿಸಲು ಹೇಳಿ. ಕಾರಿನ ಚಿತ್ರದೊಳಗೆ ಸುತ್ತುವ ಬಾಣ ಇರುವ ಗುಂಡಿ ಅದು. ಹಿಂದೆ ಎಡಗಡೆ ಒಬ್ಬರೇ ಕೂತಿದ್ದರೆ ಮುಂದಿನ ಎಡ ಕಿಟಕಿ, ಹಿಂದಿನ ಬಲ ಕಿಟಕಿ ಒಂದಿಷ್ಟು ಇಳಿಸಿದರೆ ಚಾಲಕನ ಮತ್ತು ನಿಮ್ಮ ನಡುವೆ ಗಾಳಿಯ ಪರದೆಯೇ ಏಳುತ್ತದೆ. ನಿಂತ ಗಾಡಿಯಲ್ಲಿ ಎಂಜಿನ್ ಆರಿಸಿ ಗಾಜು ಏರಿಸಿಕೊಂಡು ಕಾಯುವುದಂತೂ ಬೇಡ. 1977ರಲ್ಲಿ ಅಲಾಸ್ಕದಲ್ಲಿ ಎಂಜಿನ್ ಕೆಟ್ಟ ವಿಮಾನವೊಂದು 54 ಜನರೊಂದಿಗೆ ಮೂರು ಗಂಟೆ ನೆಲದ ಮೇಲೇ ನಿಂತಿತ್ತು, ಗಾಳಿಯಂತ್ರ ಓಡುತ್ತಿರಲಿಲ್ಲ. ಒಬ್ಬರಿಗೆ ಫ್ಲೂ ಇತ್ತು. ಮೂರು ದಿನದೊಳಗೆ ಪ್ರಯಾಣಿಕರಲ್ಲಿ ನೂರಕ್ಕೆ 72 ಮಂದಿ ಮಲಗಿದರು.

ಮಾಸ್ಕಿನ ಬಗ್ಗೆ ಎಲ್ಲರಿಗೂ ಸಾಕಾಗಿದೆ, ಆದರೂ ಎರಡು ಮಾತು. ಗಾಳಿ ಬದಲಾಗದ ಕೋಣೆಯಲ್ಲಿ ಬಟ್ಟೆಯ ಮಾಸ್ಕ್ ಸಮಾಧಾನಕ್ಕೆ ಮಾತ್ರ. ಎನ್95 ಅಥವಾ ಐಎಸ್ 9473 ಮುದ್ರೆಯ ಎಫ್‌ಎಫ್‌ಪಿ2 ಬೇಕು, ತಲೆಯ ಹಿಂದೆ ಕಟ್ಟುವ ಪಟ್ಟಿಯದಾದರೆ ಇನ್ನೂ ಒಳ್ಳೆಯದು. ಉಸಿರು ಬಿಟ್ಟಾಗ ಕನ್ನಡಕ ಮಂಜಾದರೆ ಮೂಗಿನ ಬಳಿ ಸೋರುತ್ತಿದೆ ಎಂದರ್ಥ. ಕವಾಟವಿರುವ ಮಾಸ್ಕ್ ನಿಮ್ಮ ಉಸಿರನ್ನು ಸೋಸದೆ ಎದುರಿನವರ ಮೇಲೆ ಬಿಡುತ್ತದೆ.

ಪಕ್ಕದವರು ಕೆಮ್ಮುತ್ತಿದ್ದರೆ

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ಇಳಿಯುವ ತೂಕ, ಕಫದಲ್ಲಿ ರಕ್ತ. ಇವುಗಳಲ್ಲಿ ಯಾವುದಿದ್ದರೂ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದವರು, ಹಾಗಾಗಿ ನಮ್ಮ ಆಫೀಸಿಗೆ ಅದು ಬರಲಾರದು ಎಂದುಕೊಳ್ಳುವಂತಿಲ್ಲ. ಸೋಂಕು ತಗುಲಿದವರೆಲ್ಲ ರೋಗಿಗಳಾಗುವುದಿಲ್ಲ. ನೂರಕ್ಕೆ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ಯಾವಾಗಲಾದರೂ ರೋಗ ಕಾಣಿಸಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರಿಗೆ ಅಪಾಯ ಎರಡು-ಮೂರು ಪಟ್ಟು, ನಮ್ಮ ಕಚೇರಿಗಳಲ್ಲಿ ಅಂಥವರು ಸಾಕಷ್ಟು ಜನ ಇದ್ದಾರೆ. ಸಹೋದ್ಯೋಗಿಗೆ ಟಿಬಿ ಎಂದಾದರೆ ಒಂದೇ ಕೋಣೆಯಲ್ಲಿ ಕೂರುತ್ತಿದ್ದವರೆಲ್ಲ ತಪಾಸಣೆ ಮಾಡಿಸಿಕೊಳ್ಳಿ. ಅಗತ್ಯವಿದ್ದವರಿಗೆ ರೋಗ ಬಾರದಂತೆ ತಡೆಯುವ ಮಾತ್ರೆ ಕೊಡುತ್ತಾರೆ. ಸರಿಯಾದ ಚಿಕಿತ್ಸೆ ಶುರುವಾದ ಕೆಲವೇ ವಾರಗಳಲ್ಲಿ ಬಹುತೇಕರಿಂದ ಸೋಂಕು ಹರಡುವುದು ನಿಲ್ಲುತ್ತದೆ. ವೈದ್ಯರು ಸರಿ ಎಂದ ಮೇಲೂ ಆ ಮನುಷ್ಯನನ್ನು ಕ್ಯಾಂಟೀನಿನ ಮೂಲೆಯಲ್ಲಿ ಒಂಟಿಯಾಗಿ ಕೂರಿಸುವುದಕ್ಕೆ ವೈದ್ಯಕೀಯ ಕಾರಣ ಯಾವುದೂ ಇಲ್ಲ.

ಕೆಲಸ ಹೋಗುತ್ತದೆಂಬ ಭಯಕ್ಕೇ ಕೆಮ್ಮನ್ನು ಮುಚ್ಚಿಟ್ಟುಕೊಳ್ಳುವವರು ಹೆಚ್ಚು, ಅದರಲ್ಲೂ ದಿನ ತಪ್ಪಿದರೆ ಸಂಬಳ ತಪ್ಪುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ತಿಂಗಳ ವೇತನ 21,000 ರೂಪಾಯಿಯೊಳಗಿದ್ದು ಇಎಸ್‌ಐ ಕಡಿತವಾಗುತ್ತಿದ್ದರೆ ಕಾಯಿಲೆಯ ರಜೆಗೆ ವರ್ಷಕ್ಕೆ 91 ದಿನ, ಕೂಲಿಯ ನೂರಕ್ಕೆ 70 ಪಾಲು ಸಿಗುತ್ತದೆ. ಟಿಬಿ ಇಎಸ್‌ಐನ ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿದೆ. ಎರಡು ವರ್ಷ ಸತತವಾಗಿ ವಿಮೆಯಲ್ಲಿದ್ದು ವಂತಿಗೆಯ ಷರತ್ತು ಪೂರೈಸಿದವರಿಗೆ ನೂರಕ್ಕೆ 80ರಂತೆ ಎರಡು ವರ್ಷದವರೆಗೂ ಮುಂದುವರಿಯಬಹುದು. ಇದಲ್ಲದೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆಯ ಅವಧಿಗೆ ತಿಂಗಳಿಗೆ 1,000 ರೂಪಾಯಿ ರೋಗಿಯ ಖಾತೆಗೇ ಬರುತ್ತದೆ. 2024ರ ನವೆಂಬರಿಗೆ ಮುಂಚೆ ಅದು 500 ಇತ್ತು. ಖಾಸಗಿ ವೈದ್ಯರ ಬಳಿ ಚಿಕಿತ್ಸೆ ಪಡೆಯುವವರೂ ನಿಕ್ಷಯ್‌ನಲ್ಲಿ ಹೆಸರು ದಾಖಲಾದರೆ ಇದಕ್ಕೆ ಅರ್ಹರು, ದಾಖಲಿಸುವಂತೆ ವೈದ್ಯರನ್ನೇ ಕೇಳಿ. ಸಂದೇಹವಿದ್ದರೆ ಕರೆ ಮಾಡಲು ಶುಲ್ಕವಿಲ್ಲದ ಸಹಾಯವಾಣಿ 1800 11 6666.